ಕಬ್ಬಿನ ಹಾಲು ಆಮೇಲೆ

ಗದಗ, ಬಿಸಿಲುಮಾಸದ ಮೂವತ್ತೆಂಟನೆಯ ದಿನ, ಕ್ರಿ.ಶ. ೨೧೬೩

ಮುತ್ತಜ್ಜಿ ಶಿವಲೀಲಾಗೆ ನಿನ್ನ ಮರಿಮೊಮ್ಮಗಳು ನಿಂಬೆವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಮುಗಿಯುವ ಲಕ್ಷಣವೇ ಕಾಣದೆ ನಮ್ಮ ಹಿರಿಯರು ವೈಶಾಖದ ಬೆನ್ನಿಗೆ ಒಂದು ಉದ್ದನೆಯ ತಿಂಗಳನ್ನು ಸೇರಿಸಿಬಿಟ್ಟರು, ಅದೇ ಬಿಸಿಲುಮಾಸ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಿನಗೀಗ ಇಪ್ಪತ್ತೊಂದು, ನನಗೆ ಎಪ್ಪತ್ತು. ಅಜ್ಜಿಯನ್ನು ಮೊಮ್ಮಗಳು ಗದರಿಸುವುದು ಎಲ್ಲಿಯ ಮರ್ಯಾದೆ ಎನ್ನಬೇಡ, ಗದರಿಸದೆ ನನಗೆ ಗತಿಯಿಲ್ಲ. ಕಾಲದಲ್ಲಿ ಹಿಂದಕ್ಕೆ ಹೋಗುವ ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಮನೆಗೊಂದೇ ಸಿಗುತ್ತದೆ, ಮುಟ್ಟುತ್ತದೆಂಬ ಖಾತ್ರಿಯೂ ಇಲ್ಲ. ನಮ್ಮ ಮನೆಯದನ್ನು ನಿನಗೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹೊತ್ತು ಹುಟ್ಟುವ ಮೊದಲೇ ರೊಟ್ಟಿ ಬಡಿದು, ನೀರು ಹಿಡಿದು, ಬೀದಿಯ ಕೆಲಸವೆಲ್ಲ ಮುಗಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತೇವೆ. ಬಿಸಿಲೇರಿದ ಮೇಲೆ ಹೊರಗೆ ನರಪಿಳ್ಳೆ ಕಾಣದು. ಯಾರಿಗಾದರೂ ಜಡ್ಡಾದರೆ ಕಾಯುಮಂಚ ಮನೆಗೇ ಬರುತ್ತದೆ. ಅದು ನಾಡಿ ನೋಡುತ್ತದೆ, ಸೂಜಿ ಚುಚ್ಚುತ್ತದೆ, ಮಗ್ಗುಲು ಹೊರಳಿಸುತ್ತದೆ, ಬೆನ್ನು ಒರೆಸುತ್ತದೆ, ಬೇಕಾದರೆ ವಚನವನ್ನೂ ಹಾಡುತ್ತದೆ. ತಪ್ಪೇ ಮಾಡುವುದಿಲ್ಲ, ಸುಡುಗಾಡು! ನನ್ನ ಗಂಡ ಅದರ ಮೇಲೆ ಮಲಗಿದ್ದಾಗ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಆದರೂ ಅವರು ‘ಒಬ್ಬರನ್ನ ಕರೀರೆ’ ಎಂದು ಗೋಳಿಡುತ್ತಿದ್ದರು. ಒಬ್ಬರು ಎಂದರೆ ಒಬ್ಬ ಕೈಯಾಕೆ. ನೀವು ನರ್ಸ್ ಎನ್ನುವವರನ್ನು ನಾವು ಕೈಯವರು ಎನ್ನುತ್ತೇವೆ. ಜಿಲ್ಲೆಗೆಲ್ಲ ಬೆರಳೆಣಿಕೆಯಷ್ಟು ಜನ. ಅವರ ಸರದಿ ಬರುವುದರೊಳಗೆ ಗಂಡ ಹೋಗಿಬಿಟ್ಟರು. ಕೊನೆಯ ತನಕ ಪಾದ ಹಿಡಿದುಕೊಂಡು ಕೂತವಳು ಮೊಮ್ಮಗಳು ಇಳಾ. ಕೈಯಾಕೆ ಆಗಬೇಕೆಂಬ ಹಟ ಅವಳಿಗೆ ಹತ್ತಿದ್ದು ಅಂದಿನಿಂದ.

ಹಟ ಹತ್ತಿತು, ಓದು ಹತ್ತಲಿಲ್ಲ. ಕಾಲೇಜಿನಲ್ಲಿ ಅವಳು ತಂದ ಅಂಕ ನಿನ್ನದಕ್ಕಿಂತ ಒಂದು ಕೈ ಕಡಿಮೆ. ನಾನೇನೂ ಮುಚ್ಚಿಡುವುದಿಲ್ಲ, ಪುಸ್ತಕ ಹಿಡಿದರೆ ಆಕಳಿಸುವ ಹುಡುಗಿ. ಆದರೂ ನಮ್ಮ ಕೈಶಾಲೆಗಳಲ್ಲಿ ಒಂದು ಪದ್ಧತಿಯಿದೆ. ಅಂಕ ಕಡಿಮೆ ಇದ್ದವರಿಗೆ ಅವರು ಕೇಳಿಕೆ ನೋಡುತ್ತಾರೆ. ಎಂದರೆ, ಹಿಂದಿನ ಏಳು ತಲೆಮಾರಿನಲ್ಲಿ ಯಾರಾದರೂ ಈ ಕೆಲಸ ನನಗೆ ಕೊಡಿ ಎಂದು ಬಾಯಿಬಿಟ್ಟು ಕೇಳಿದ್ದರೇ ಎಂದು. ಸಿಕ್ಕಿರಲೇಬೇಕೆಂದಿಲ್ಲ, ‘ಇಲ್ಲ, ಹೋಗು’ ಎಂದು ಹೊರಗೆ ಅಟ್ಟಿದ್ದರೂ ಲೆಕ್ಕಕ್ಕೆ ಬರುತ್ತದೆ. ಅಂಕ ನೋಡಿ ನೋಡಿಯೇ ಎಷ್ಟು ಒಳ್ಳೆಯ ಕೈಗಳನ್ನು ಕಳೆದುಕೊಂಡೆವೋ ಎಂದು ನೊಂದುಕೊಂಡ ಹಿರಿಯರು ಮಾಡಿದ ಪದ್ಧತಿ ಅದು. ನಮ್ಮ ಮನೆತನವನ್ನೆಲ್ಲ ಜಾಲಾಡಿದೆವು. ಒಬ್ಬರು ಅಂಗಡಿ, ಒಬ್ಬರು ಮಾಸ್ತರಿಕೆ, ಒಬ್ಬರು ಬರೀ ಜಗಳ. ಉಳಿದವಳು ನೀನೊಬ್ಬಳು.

ನಿನ್ನ ಕಥೆ ನಮ್ಮ ಮನೆಯಲ್ಲಿ ಕೂಸುಗಳಿಗೂ ಗೊತ್ತು. ಬಿ.ಎಸ್ಸಿ.ಯಲ್ಲಿ ನಲವತ್ತಾರು ಬಂತು. ನರ್ಸಿಂಗ್ ಓದುತ್ತೇನೆ ಎಂದಾಗ ನಿನ್ನ ಸೋದರಮಾವ ಮಹಾಂತೇಶ, ‘ನಲವತ್ತಾರಕ್ಕ ನಿನಗ್ಯಾರ ಕೊಡ್ತಾರ ಸೀಟು? ಹೋಗಿ ಮಾರಿ ಸಣ್ಣದು ಮಾಡ್ಕೊಂಡು ಬರಬ್ಯಾಡ’ ಎಂದ. ನೀನು ಆದರೂ ಹೋದೆ. ಬಸ್ಸು ಹತ್ತಿ, ಬಿಸಿಲಲ್ಲಿ ನಡೆದು, ಕಾಲೇಜಿನ ಗೇಟಿನವರೆಗೆ ಹೋದೆ. ಎದುರಿಗೆ ಕಬ್ಬಿನ ಹಾಲಿನ ಗಾಡಿಯಿತ್ತು. ಒಂದು ಗ್ಲಾಸು ಕುಡಿದು, ಸೆರಗಿನಷ್ಟುದ್ದದ ದುಪಟ್ಟಾದಲ್ಲಿ ಬಾಯಿ ಒರೆಸಿಕೊಂಡು, ತಿರುಗಿ ಬಂದೆ. ಸೀರೆ ಅಂಗಡಿಗೆ ಸೇರಿದೆ, ಅಲ್ಲಿಯೇ ನಮ್ಮ ಮುತ್ತಜ್ಜ ಸಿಕ್ಕ. ಇಂದಿಗೂ ನಮ್ಮ ಮನೆಯಲ್ಲಿ ಯಾರಾದರೂ ಕೊನೆಗಳಿಗೆಯಲ್ಲಿ ಕಾಲು ಹಿಂದೆ ತೆಗೆದರೆ ‘ಕಬ್ಬಿನ ಹಾಲು ಕುಡ್ದು ಬಂದ್ಲು’ ಎಂದು ನಗುತ್ತೇವೆ. ನೀನೂ ನಗುತ್ತಿದ್ದೆಯಂತೆ. ಆದರೆ ಮುಪ್ಪಿನಲ್ಲಿ ಹಾಸಿಗೆ ಹಿಡಿದಾಗ ನನ್ನ ಅವ್ವನನ್ನು ಹತ್ತಿರ ಕರೆದು, ‘ಒಳಗ ಹೋಗಿದ್ರ ಏನಂತಿದ್ರೋ?’ ಎಂದು ಕೇಳುತ್ತಿದ್ದೆಯಂತೆ.

ಕಳೆದ ವಾರ ಕೈಶಾಲೆಯಲ್ಲಿ ಇಳಾಳ ಸರದಿ ಬಂತು. ನಾನೂ ಜೊತೆಗಿದ್ದೆ. ಅಲ್ಲಿಯ ಹಿರಿಯ ಕೈಯಾಕೆ, ‘ನಿಮ್ಮ ಮನ್ಯಾಗ ಹಿಂದ ಯಾರರ ಕೇಳ್ಯಾರೇನವಾ?’ ಎಂದರು. ಹೌದು ಎಂದುಬಿಡಬಹುದಿತ್ತು, ಯಾರು ನೋಡಿದ್ದಾರೆ? ನಮ್ಮ ಇಳಾ, ‘ಗೇಟಿನ ತನಕ ಹೋಗಿದ್ರರೀ. ಒಳಗ ಹೋಗಲಿಲ್ಲ’ ಎಂದಳು. ಯಾವ ವರ್ಷ, ಯಾವ ಕಾಲೇಜು ಎಂದು ವಿಚಾರಿಸಿ, ಹಳೆಯ ದಾಖಲೆ ತೆಗೆಸಿ ನೋಡಿ ಆಕೆ ಹಣೆ ಹಣೆ ಬಡಿದುಕೊಂಡರು. ‘ಅಯ್ಯ ಯವ್ವಾ! ಆ ವರ್ಷ ಅಲ್ಲಿ ಡಿಗ್ರಿ ಅಂಕ ಕೇಳತಿದ್ದಿಲ್ಲ. ಪಿಯುಸಿದು ನೋಡಿ ತೊಗೊಳ್ತಿದ್ರು. ಸೀಟು ಖಾಲಿನೂ ಉಳಿದಿದ್ವು’ ಎಂದರು. ಪಿಯುಸಿಯಲ್ಲಿ ನಿನಗೆ ಬೇಕಾದಷ್ಟು ಅಂಕವಿತ್ತು, ಅಜ್ಜಿ. ಆ ಗೇಟಿನೊಳಗೆ ಯಾರೂ ನಿನ್ನ ನಲವತ್ತಾರನ್ನು ಕೇಳುತ್ತಲೇ ಇರಲಿಲ್ಲ. ಗೇಟಿನ ತನಕ ಹೋದದ್ದು ಕೇಳಿಕೆಯ ಲೆಕ್ಕಕ್ಕೆ ಬರಲಿಲ್ಲ. ಇಳಾಳ ಸರದಿ ಮುಗಿಯಿತು, ಮುಂದಿನವರನ್ನು ಕರೆದರು.

ದಾರಿಯುದ್ದಕ್ಕೂ ನಾನು ನಿನ್ನನ್ನು ಬೈದೆ. ಮಹಾಂತೇಶಮಾವನ ವಂಶವನ್ನೆಲ್ಲ ಜಾಲಾಡಿದೆ. ಆಮೇಲೆ ಅಳು ಬಂತು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿದ್ದುದನ್ನು ಜೀವಮಾನವಿಡೀ ಎದೆಯಲ್ಲಿಟ್ಟುಕೊಂಡು ಹೋದೆಯಲ್ಲೇ, ತಾಯಿ.

ಹಿಂದೋಲೆ ಬರೆಯೋಣ ಎಂದವಳು ಇಳಾಳೇ. ನಾನು ಹೆದರಿದೆ. ನೀನು ಒಳಗೆ ಹೋದರೆ ಸೀರೆ ಅಂಗಡಿಯಿಲ್ಲ, ಮುತ್ತಜ್ಜನಿಲ್ಲ, ನನ್ನ ಅವ್ವನಿಲ್ಲ, ನಾವ್ಯಾರೂ ಇಲ್ಲದೆಯೂ ಹೋಗಬಹುದು. ಅದನ್ನೇ ಹೇಳಿದೆ. ಅವಳು, ‘ಇರಲಿ ಬಿಡಬೇ. ಅಕಿ ಒಬ್ಬಾಕಿಯರ ಒಳಗ ಹೋಗಲಿ. ಯಾರದೋ ಪಾದ ಹಿಡ್ಕೊಂಡು ಕುಂದ್ರತಾಳ’ ಎಂದಳು. ಇಂಥ ಹುಡುಗಿಗೆ ಸೀಟಿಲ್ಲ ನೋಡು ನಮ್ಮ ಕಾಲದಲ್ಲಿ.

ಬರುವ ಸೋಮವಾರ ನೀನು ಆ ಗೇಟಿನ ಮುಂದೆ ನಿಂತಿರುತ್ತೀಯ. ಬಾಯಿ ಒಣಗಿರುತ್ತದೆ, ಗಾಡಿಯವನು ಕರೆಯುತ್ತಾನೆ. ಬೇಡ ಎನ್ನುವುದಿದ್ದರೆ ಒಳಗಿನವರು ಅನ್ನಲಿ, ಅವರ ಕೆಲಸವನ್ನು ನೀನು ಮಾಡಬೇಡ. ನಮ್ಮ ಚಿಂತೆ ಬಿಡು, ನಾವು ಇದ್ದೆವು, ಸಾಕು. ಕಬ್ಬಿನ ಹಾಲು ಎಲ್ಲಿಗೂ ಓಡಿಹೋಗುವುದಿಲ್ಲ, ಬರುವಾಗ ಕುಡಿದರಾಯಿತು. ಮೊದಲು ಒಳಗೆ ಹೋಗು.

ನಿನ್ನ,
ನಿಂಬೆವ್ವ