ಜೀಪಿನ ಕೀ ನನ್ನ ಹತ್ತಿರ ಇದೆ

ಅತ್ತೆ,

ಜೀಪು ತೆಗೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಮಗ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಕೂಡದು ಅಂದಿದ್ದಿರಿ. ಗೊತ್ತಿದೆ. ಬಂದಮೇಲೆ ಬೈಯಿರಿ.

ಆಲೆಮನೆಯಲ್ಲಿ ಎದುರುಮನೆ ಸಾಕಮ್ಮನ ತೋಳಿನ ಮೇಲೆ ಕುದಿಯುವ ಬೆಲ್ಲದ ಪಾಕ ಚೆಲ್ಲಿದೆ. ಕೆ.ಆರ್. ಪೇಟೆ ಆಸ್ಪತ್ರೆಗೆ ಹೊರಟಿದ್ದೇವೆ. ನಾನೇ ಓಡಿಸುತ್ತೇನೆ. ಕೆರೆ ಏರಿ ಮೇಲೆ ನಿಮ್ಮ ಮಗ ಕಲಿಸಿದ್ದು ಮರೆತಿಲ್ಲ. ಬ್ಯಾಟರಿ ಇಳಿದುಹೋಗಿದೆ, ಬೀದಿಯವರು ತಳ್ಳುತ್ತಿದ್ದಾರೆ. ಅವರು ಹೋದಮೇಲೆ ನೀವು ಮಾತ್ರೆ ನುಂಗಿಯಾದರೂ ನಿದ್ದೆ ಮಾಡಿದ್ದು ಇವತ್ತೇ, ಅದಕ್ಕೇ ಎಬ್ಬಿಸಲಿಲ್ಲ.

ಸೀಟಿನ ಮೇಲಿದ್ದ ಅವರ ಟವಲನ್ನು ನಿಮ್ಮ ದಿಂಬಿನ ಪಕ್ಕ ಇಟ್ಟಿದ್ದೇನೆ. ಒಗೆಯಬೇಡಿ.

ಬೆಳಿಗ್ಗೆ ಸಾಕಮ್ಮನ ಹಸುವಿನ ಹಾಲು ಕರೆದುಬಿಡಿ. ನೀವೂ ಏನಾದರೂ ತಿನ್ನಿ, ರಾತ್ರಿಯ ಮುದ್ದೆ ಹಾಗೇ ಇದೆ.

ಸಾಕಮ್ಮನ ಗಂಡ ದ್ಯಾವಯ್ಯನಿಗೆ ಮಾತ್ರ ಏನೂ ಅನ್ನಬೇಡಿ. ಜನ ಹೇಳುವ ಮೊದಲು ನಾನೇ ಹೇಳುತ್ತೇನೆ. ಹೆಂಡತಿಯನ್ನು ಎತ್ತಿಕೊಂಡು ಬಂದ ದ್ಯಾವಯ್ಯ ಗಾಬರಿಯಲ್ಲಿ, ಯಾವಾಗಲೂ ನಿಮ್ಮ ಮಗನನ್ನು ಕೂಗುತ್ತಿದ್ದ ಹಾಗೇ ಬಾಗಿಲು ಬಡಿದು ಕೂಗಿಬಿಟ್ಟರು: “ಕೆಂಪ್ರಾಜಾ, ಏಳ್ಲಾ! ಜೀಪ್ ತಗಿಲಾ, ನಮ್ಮವಳು ಸುಟ್ಕಂಬುಟ್ಲು ಕಣ್ಲಾ!”

ಬಾಗಿಲಲ್ಲಿ ನನ್ನನ್ನು ಕಂಡಮೇಲೆ, “ಅಯ್ಯೋ, ಮರ್ತ್‌ಬುಟ್ಟೆ ಕಣವ್ವ” ಅಂತ ಜಗಲಿ ಮೇಲೆ ಕುಸಿದರು. ಬೀದಿಯವರೆಲ್ಲ ಅವರನ್ನು ಬೈದರು.

ನಾನು ಬೈಯಲಿಲ್ಲ ಅತ್ತೆ. ಆ ಕೂಗು ಕೇಳಿ, “ಏಳಿ, ನಿಮ್ಮನ್ನೇ ಕರೀತಿದ್ದಾರೆ” ಅಂತ ಕತ್ತಲಲ್ಲಿ ಪಕ್ಕದ ಹಾಸಿಗೆಗೆ ನಾನೂ ಕೈ ಚಾಚಿದ್ದೆ.

ಶೈಲಜ