ಅಮ್ಮ ಕೊಟ್ಟ ಒಂದೇ ಸಂದರ್ಶನ

ಹಾಸ್ಟೆಲ್, ಎರಡನೇ ಮಹಡಿ
ಸೋಮವಾರ, ಬೆಳಿಗ್ಗೆ

ಅಮ್ಮನಿಗೆ, ಸ್ನಾನದ ಮನೆಯಿಂದ ಹೊರಗೆ ಬಂದ ಮೇಲೆ ಓದಲು,

ಇಲ್ಲಿ ನನ್ನ ಆರೋಗ್ಯ, ಟೆನ್ಷನ್ ಎರಡೂ ಚೆನ್ನಾಗಿವೆ. ಅಲ್ಲಿ ನೀನು ಶೂಟಿಂಗಿಗೆ ಹೋಗುತ್ತಿದ್ದೀಯೋ, ಕದ ಹಾಕಿಕೊಂಡು ಕೂತಿದ್ದೀಯೋ ತಿಳಿಯದು. ಯಾವಾಗ ಫೋನ್ ಮಾಡಿದರೂ ಟಚಪ್ ಅಕ್ಕನೇ ಎತ್ತುತ್ತಾರೆ. ನಿನ್ನ ಮುಖಕ್ಕೆ ಪೌಡರ್ ಹಚ್ಚುವುದರ ಜೊತೆಗೆ ನಿನ್ನ ಫೋನ್ ಎತ್ತುವುದೂ ಪಾಪ ಅವರ ಕೆಲಸವೇ ಆಗಿಹೋಗಿದೆ. ಪ್ರತಿ ಸಲವೂ ಅಮ್ಮ ಸ್ನಾನಕ್ಕೆ ಹೋಗಿದಾರೆ ಎನ್ನುತ್ತಾರೆ. ಇಷ್ಟೊಂದು ಸ್ನಾನ ಮಾಡಿದರೆ ನೆಗಡಿಯಾಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಓದುವಾಗ ಯಾರೂ ನಿನ್ನ ಮುಖ ನೋಡುತ್ತಾ ಕೂತಿರುವುದಿಲ್ಲ.

ಶನಿವಾರ ಸಂಜೆಯ ಕಾರ್ಯಕ್ರಮ ನಾನು ನೋಡಿದೆ. ಪೂರ್ತಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಪುಟ ಮೊದಲು ಓದುತ್ತೀಯ.

ನನ್ನ ರೂಮ್‌ಮೇಟ್ ಒಬ್ಬಳಿದ್ದಾಳೆ. ಪರೀಕ್ಷೆ ಇರಲಿ ಬಿಡಲಿ, ಹೊದಿಕೆಯೊಳಗೆ ಟಾರ್ಚ್ ಹಿಡಿದು ಓದುತ್ತಾಳೆ. ಹಾಗಾಗಿ ಅವಳ ಹೆಸರೇ ಟಾರ್ಚ್. ನಾನು ಬಟ್ಟೆ ಒಗೆಯುತ್ತಿದ್ದಾಗ ಅವಳು ಮೆಟ್ಟಿಲ ಮೇಲಿಂದಲೇ ಕೂಗಿದಳು: "ಬೇಗ ಬಾರೇ, ಅತ್ತೆಮ್ಮ ಲೈವ್ ಬಂದಿದಾಳೆ! ಬಾಯಿ ಬಿಡ್ತಾಳಂತೆ!" ಸೋಪಿನ ಕೈಯಲ್ಲೇ ಓಡಿದೆ. ಕಾಮನ್ ರೂಮಿನಲ್ಲಿ ಕುರ್ಚಿಗಳೆಲ್ಲ ಭರ್ತಿ. ಇಲ್ಲಿ ಯಾರಿಗೂ ನಾನು ನಿನ್ನ ಮಗಳೆಂದು ಹೇಳಿರಲಿಲ್ಲ. ಅದು ನೀನೇ ಹೇಳಿಕೊಟ್ಟದ್ದು, ಗೊತ್ತಾದರೆ ನನ್ನ ಪಾಡಿಗೆ ನನ್ನನ್ನು ಬಿಡುವುದಿಲ್ಲ ಎಂದು. ಗೋಡೆಗೆ ಒರಗಿ ನಿಂತೆ.

ಇಷ್ಟು ವರ್ಷ ಸೀರಿಯಲಿನಲ್ಲಿ ಸೊಸೆಯಂದಿರನ್ನು ಗೋಳುಹೊಯ್ದುಕೊಂಡು ಊರಿಗೆಲ್ಲ ಅತ್ತೆಮ್ಮ ಆದವಳು ಒಂದು ಸಂದರ್ಶನ ಕೊಟ್ಟವಳಲ್ಲ, ಒಂದು ರಿಬ್ಬನ್ ಕತ್ತರಿಸಿದವಳಲ್ಲ. ಜನ ಅದಕ್ಕೆ ಜಂಭ ಎಂದರು. ಜಂಭ ಎಂದುಕೊಳ್ಳಲಿ ಬಿಡು, ಅದೇ ಸುಲಭ ಎಂದೆ ನೀನು. ನಿಜ ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ಅಡುಗೆಮನೆಯ ನಲ್ಲಿ ಸೋರತೊಡಗಿದಾಗ ನೀನು ಪ್ಲಂಬರಿಗೆ ಹೇಳಬೇಕಾದ ಮಾತನ್ನು ಹಳೇ ಸ್ಕ್ರಿಪ್ಟಿನ ಹಿಂದೆ ಬರೆದುಕೊಂಡು, ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿ ಫೋನ್ ಹಚ್ಚಿದೆ. ಅವನು "ಯಾವ ಸೈಜಿನ ನಲ್ಲಿ ಮೇಡಂ?" ಎಂದ. ನಿನ್ನ ಸ್ಕ್ರಿಪ್ಟಿನಲ್ಲಿ ಅದಿರಲಿಲ್ಲ. ಫೋನ್ ಇಟ್ಟುಬಿಟ್ಟೆ. ನಲ್ಲಿಯ ಕೆಳಗೆ ಬಕೆಟ್ ಬಂತು. ಅದೇ ವಾರ ಟಿವಿಯಲ್ಲಿ ನೀನು ದೊಡ್ಡ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದೆ.

ಅಪ್ಪ ಇರುವವರೆಗೆ ಬಾಗಿಲು, ಫೋನು, ನೆಂಟರು ಎಲ್ಲ ಅವರ ಇಲಾಖೆ. ಅವರು ಹೋದ ಮೇಲೆ ಆ ಇಲಾಖೆಗೆ ಮಂತ್ರಿಯೇ ಇಲ್ಲ. ನಾನು ಹಾಸ್ಟೆಲ್ ಸೇರಿದ್ದೂ ಆಗಲೇ. ನೀನು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಊಟ ಆಯ್ತಾ, ನಿದ್ದೆ ಬರುತ್ತಾ, ಪರೀಕ್ಷೆ ಯಾವಾಗ. ಯಾವಾಗಲೂ ಅದೇ ಕ್ರಮ. ನಾನೂ ಕ್ರಮ ತಪ್ಪದೆ ಉತ್ತರ ಹೇಳುವುದನ್ನು ಕಲಿತೆ. ಒಂದು ಸಲ ಮಾತ್ರ, ಊಟ ಆಯ್ತಾ ಎಂದದ್ದಕ್ಕೆ ಹಲ್ಲುನೋವು ಎಂದೆ. ನೀನು ಮೆಲ್ಲಗೆ, ನಿದ್ದೆ ಬರುತ್ತಾ ಎಂದೆ. ಮರುದಿನ ಬೆಳಿಗ್ಗೆ ಹಾಸ್ಟೆಲ್ ಗೇಟಿನ ಹತ್ತಿರ ಟಚಪ್ ಅಕ್ಕ ಕಾರಿನ ಪಕ್ಕ ನಿಂತಿದ್ದರು, ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು. ಹಿಂದಿನ ಸೀಟಿನಲ್ಲಿ ಮುಖಕ್ಕೆ ಶಾಲು ಸುತ್ತಿಕೊಂಡು ನೀನು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ನನ್ನ ದವಡೆ ಊದಿತ್ತು, ನಿನಗೆ ಅದೊಂದು ಅನುಕೂಲವಾಯಿತು.

ಇರಲಿ. ನನಗೆ ಸಿಕ್ಕ ಸಿನಿಮಾ ಪಾತ್ರದ ಕಥೆ ನಿನಗೆ ಅರ್ಧ ಗೊತ್ತು, ಅದೂ ಆ ನಿರ್ಮಾಪಕರ ಬಾಯಿಂದ. ಉಳಿದರ್ಧ ಇದು. ನಮ್ಮ ಕ್ಲಾಸಿನ ಹುಡುಗಿಯರೆಲ್ಲ ಆಡಿಷನ್‌ಗೆ ಹೊರಟಿದ್ದರು, ನಾನೂ ಹೋದೆ. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯ ಪಾತ್ರ. ಬಂದವರ ಕಾಲಿಗೆ ಜೋಡು ಹಾಕಿ ತೆಗೆಯುವುದು, ಅವರು ಮೇಲೆ ಕೂತು ಏನೇನೋ ಮಾತಾಡುವುದು, ಇವಳು ಕೆಳಗೆ ಕೂತು ಕೇಳಿಸಿಕೊಳ್ಳುವುದು. ಮಾತು ಬಹಳ ಕಡಿಮೆ. ನನಗೆ ಅವಳು ತುಂಬಾ ಇಷ್ಟವಾದಳು. ಒಂದೊಂದೇ ಸುತ್ತು ದಾಟಿದೆ. ಯಾರ ಮಗಳೆಂದು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಪಾತ್ರ ನಿನ್ನದೇ ಎಂದರು. ಆ ದಿನ ಬಸ್ ಹತ್ತದೆ ಹಾಸ್ಟೆಲಿನವರೆಗೂ ನಡೆದುಕೊಂಡೇ ಬಂದೆ.

ಕೊನೆಯದಾಗಿ ನಿರ್ಮಾಪಕರು ನೋಡಬೇಕಂತೆ ಎಂದು ಕರೆಸಿದರು. ಗಿರಾಕಿಯೊಬ್ಬ ಕಾಲಿನಿಂದ ಡಬ್ಬಿ ಒದೆಯುತ್ತಾನೆ, ನಾನು ತಲೆಯೆತ್ತಿ ಅವನನ್ನು ನೋಡಬೇಕು. ನೋಡಿದೆ. ಮಾನಿಟರ್ ಮುಂದಿದ್ದ ನಿರ್ಮಾಪಕರು ಕುರ್ಚಿ ಬಿಟ್ಟೆದ್ದರು. "ಏಯ್, ಈ ಕಣ್ಣು ನಮ್ಮನೇಲಿ ದಿನಾ ನೋಡ್ತೀನಲ್ಲೋ! ನಮ್ಮ ಹೆಂಗಸ್ರು ಈ ಕಣ್ಣಿಗೆ ಹೆದರಿ ಅಡುಗೆ ಬಿಟ್ಟು ಕೂತಿರ್ತಾರೆ!" ಯಾರಮ್ಮ ನೀನು ಎಂದು ಕೇಳಿದರು. ಸುಳ್ಳು ಹೇಳಲು ಧೈರ್ಯ ಬೇಕು, ನನಗೆ ಅಷ್ಟಿರಲಿಲ್ಲ.

ಕೂಡಲೇ ಜ್ಯೂಸ್ ಬಂತು. ಎಸಿ ರೂಮ್ ಬಂತು. ಜ್ಯೂಸ್ ಮುಗಿಯುವುದರೊಳಗೆ ಚಪ್ಪಲಿ ಅಂಗಡಿಯ ಹುಡುಗಿ ಕೆಲಸ ಬಿಟ್ಟು ನಾಯಕಿಯ ತಂಗಿಯಾದಳು, ಅವಳಿಗೊಂದು ಹಾಡೂ ಬಂತು. ನಾನು ಅಂಗಡಿ ಹುಡುಗಿಯನ್ನೇ ಮಾಡುತ್ತೇನೆ ಎಂದೆ. ನಕ್ಕರು. ಒಂದೇ ಷರತ್ತು ಎಂದರು, ಸಿನಿಮಾ ಅನೌನ್ಸ್ ಮಾಡುವ ಲೈವ್ ಕಾರ್ಯಕ್ರಮಕ್ಕೆ ನಾನು ನಿನ್ನನ್ನು ಕರೆತರಬೇಕು. "ಇಷ್ಟು ವರ್ಷ ಬಾಯಿ ಬಿಡದೋರು ಬಾಯಿ ಬಿಟ್ರೆ ಸಾಕಮ್ಮ, ಪೋಸ್ಟರೇ ಬೇಡ ನಮಗೆ." ಯೋಚಿಸಿ ಹೇಳುತ್ತೇನೆ ಎಂದು ಬಂದೆ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಹೂಂ ಎಂದುಬಿಡುತ್ತೀಯ ಎಂಬ ಭಯ ನನಗೆ. ಅವರು ನೇರವಾಗಿ ನಿನಗೇ ಫೋನ್ ಮಾಡುತ್ತಾರೆಂದು ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಟಿವಿಯಲ್ಲಿ ನಿನ್ನನ್ನು ಕಂಡಾಗಲೇ ಅದು ಗೊತ್ತಾದದ್ದು. ಮನೆಯ ಹಾಗೆ ಮಾಡಿದ ಸೆಟ್, ಸೋಫಾ, ಹಿತ್ತಾಳೆ ಹಿಡಿಯ ಬಾಗಿಲು. ನಿನ್ನ ಪಕ್ಕದ ಸೋಫಾ ಖಾಲಿ. ಪರದೆಯ ಮೇಲೆ ಒಂದು ಹುಡುಗಿಯ ಕಪ್ಪು ನೆರಳು ತೋರಿಸಿ, ಅತ್ತೆಮ್ಮನ ಮಗಳು ಚಿತ್ರರಂಗಕ್ಕೆ, ಮುಖ ಸದ್ಯಕ್ಕೆ ಸರ್ಪ್ರೈಸ್ ಎಂದರು. ನೆರಳಿಗೆ ನನಗಿಂತ ಉದ್ದ ಜಡೆಯಿತ್ತು. "ಇವಳಿಗೇನು, ಅಮ್ಮನ ಹೆಸರಲ್ಲಿ ಬೆಣ್ಣೆ ತಿಂದಂಗೆ ಬರ್ತಾಳೆ" ಎಂದು ನನ್ನ ಪಕ್ಕದವಳು ಹೇಳಿದಳು. ನಾನೂ ಹೌದೌದು ಎಂದೆ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ನಿರೂಪಕ ಕೇಳುವುದು, ನೀನು ಹೇಳುವುದು. ಉತ್ತರಗಳನ್ನು ಬರೆದುಕೊಟ್ಟದ್ದು ನಿಮ್ಮ ಸೀರಿಯಲಿನ ಸಂಭಾಷಣೆಯವರೇ ಎಂದು ಎರಡನೆಯ ಮಾತಿಗೇ ತಿಳಿಯಿತು. ಅವರಿಗೆ ಗಾದೆ ಹಾಕದಿದ್ದರೆ ಪೆನ್ನು ಓಡುವುದಿಲ್ಲ. ನೀನು ಕೈ ಕೆಸರಾದರೆ ಬಾಯಿ ಮೊಸರು ಎಂದೆ, ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದೆ. ಹುಡುಗಿಯರು ಪರವಾಗಿಲ್ವೇ ಎಂದು ತಲೆದೂಗಿದರು. ಆಮೇಲೆ ನಿರೂಪಕ ಕೈಯಲ್ಲಿದ್ದ ಕಾರ್ಡ್ ಕೆಳಗಿಟ್ಟು ನಕ್ಕ. "ಅದೆಲ್ಲಾ ಬಿಡಿ ಅತ್ತೆಮ್ಮ. ಮಗಳಿಗೆ ಆ್ಯಕ್ಟಿಂಗಲ್ಲಿ ನೀವು ಏನು ಕಲಿಸಿದ್ರಿ?"

ನೀನು ಕ್ಯಾಮೆರಾದ ಪಕ್ಕಕ್ಕೆ ನೋಡಿದೆ. ಶೂಟಿಂಗಿನಲ್ಲಾದರೆ ಅಲ್ಲಿ ನಿಂತು ಮಾತು ಎತ್ತಿಕೊಡುವವರಿರುತ್ತಾರೆ. ಅವತ್ತು ಯಾರೂ ಇರಲಿಲ್ಲ. ನೀನು ನೋಡುತ್ತಲೇ ಇದ್ದೆ. "ಅತ್ತೆಮ್ಮ ಹ್ಯಾಂಗ್ ಆದ್ಲು ಕಣೇ" ಎಂದಳು ಟಾರ್ಚ್. ಆಮೇಲೆ ನೀನು ನಿನ್ನ ಸ್ವಂತ ದನಿಯಲ್ಲಿ, ಮನೆಯ ದನಿಯಲ್ಲಿ ಹೇಳಿದೆ: "ನಾನೇನೂ ಕಲಿಸ್ಲಿಲ್ಲ. ನಾನು ಬರ್ಕೊಂಡು ಮಾತಾಡೋಳು. ಅವಳು ಹಾಗಲ್ಲ. ಎದುರಿಗಿರೋರು ಏನು ಹೇಳ್ತಾ ಇಲ್ವೋ ಅದನ್ನೂ ಕೇಳಿಸ್ಕೋತಾಳೆ. ನನ್ನ ಜೊತೆ ಇದ್ದೂ ಇದ್ದೂ ಅಭ್ಯಾಸ ಆಗೋಗಿದೆ ಅವಳಿಗೆ." ಅಷ್ಟು ಹೇಳಿ ಮೈಕ್ ಬಿಚ್ಚಿ ಸೋಫಾ ಮೇಲಿಟ್ಟು ಎದ್ದೆ.

ನೀನು ನನ್ನ ನಟನೆ ಒಮ್ಮೆಯೂ ನೋಡಿಲ್ಲ. ಸ್ಕೂಲ್ ನಾಟಕಕ್ಕೂ ಬಂದವಳಲ್ಲ. ಆದರೂ ನಿನಗೆ ಅದು ಹೇಗೆ ಗೊತ್ತಾಯಿತು ಎಂದು ನಿನ್ನೆಯಿಡೀ ಯೋಚಿಸಿದೆ. ನಾನು ಫೋನಿನ ಈ ಕಡೆ ಕೇಳಿಸಿಕೊಳ್ಳುತ್ತಿದ್ದದ್ದು ಆ ಕಡೆಗೆ ತಿಳಿಯುತ್ತಿತ್ತು ಎಂದು ನನಗೆ ಅಂದಾಜಿರಲಿಲ್ಲ.

ಆಮೇಲಿನದ್ದು ಎಲ್ಲರ ಮೊಬೈಲಿನಲ್ಲೂ ಇದೆ. ಜೀವನವೆಲ್ಲ ಸೆಟ್ಟಿನಲ್ಲೇ ಕಳೆದ ನೀನು ಸೆಟ್ಟಿನ ಬಾಗಿಲನ್ನೇ ನಿಜವಾದ ಬಾಗಿಲೆಂದುಕೊಂಡೆ. ತೆಗೆದರೆ ಪ್ಲೈವುಡ್ ಹಲಗೆ, ಬಕೆಟ್ ಬೋರಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಬಡಗಿ. ಅವನು ಗಾಬರಿಯಾಗಿ ಎದ್ದು ನಿಂತ. ನೀನು ಅವನಿಗೆ ನಮಸ್ಕಾರ ಮಾಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಾರ್ಯಕ್ರಮ ಮುಗಿಯುವವರೆಗೂ ಬಾಗಿಲು ತೆರೆಯಲಿಲ್ಲ. ಒಳಗೆ ಬೀರುವಿನಷ್ಟೇ ಜಾಗವಿತ್ತಂತೆ, ಬಡಗಿ ನಿನಗೆ ಚಹಾದಲ್ಲಿ ಅರ್ಧ ಕೊಟ್ಟನಂತೆ. ಟಚಪ್ ಅಕ್ಕ ನಿನ್ನೆ ಹೇಳಿದರು. "ಅಲ್ಲೇ ಆರಾಮಾಗಿದ್ರು ನೋಡು" ಎಂದರು. ಸ್ಟುಡಿಯೋ ಗೇಟಿನಲ್ಲಿ ಕಾರಿನಿಂದ ಇಳಿಯಲು ನಿನಗೆ ಕಾಲೇ ಬರಲಿಲ್ಲ ಎಂಬುದನ್ನೂ ಹೇಳಿದರು. "ನೀವು ಬರದಿದ್ರೆ ಮಗಳ ಪಾರ್ಟ್ ಕೈತಪ್ಪತ್ತೆ ಅಂದ್ಬಿಟ್ರು ಕಣೆ ಆ ಪ್ರೊಡ್ಯೂಸರ್ ಯಪ್ಪ. ಇವ್ರು ಒಂದು ಮಾತು ಎದುರು ಆಡ್ಲಿಲ್ಲ."

ಅಮ್ಮ, ಆ ಪಾತ್ರ ನಾನು ಮಾಡುತ್ತಿಲ್ಲ. ನಿನ್ನೆ ನಿರ್ಮಾಪಕರ ಆಫೀಸಿಗೆ ಹೋಗಿ ಬಂದೆ. ಮೊದಲ ವರ್ಷದವರು ಹೊರಗೆ ನಟಿಸುವ ಹಾಗಿಲ್ಲ ಎಂದು ನಮ್ಮ ಕಾಲೇಜಿನಲ್ಲಿ ನಿಯಮವಿದೆಯಂತೆ. ಹಾಜರಾತಿಯದ್ದೂ ಸಮಸ್ಯೆ. ಇನ್ನೂ ಮೂರು ವರ್ಷ ಇದೆಯಲ್ಲ, ನೋಡೋಣ. ನೀನು ಬೇಜಾರು ಮಾಡಿಕೊಳ್ಳಬೇಡ. ಸರಿಯಾಗಿ ಊಟ ಮಾಡು. ಕ್ಲಿಪ್ ನೋಡಬೇಡ. ಕೆಳಗಿನ ಕಾಮೆಂಟ್ ಅಂತೂ ಓದಲೇಬೇಡ.

ನಿನ್ನ,
ಪಿಟೀಲು (ಈ ಅಡ್ಡಹೆಸರು ಇಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ)

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಕಾಲೇಜಿನಲ್ಲಿ ಅಂಥ ನಿಯಮವೇನೂ ಇಲ್ಲ. ಯೋಚಿಸಿ ಹೇಳುತ್ತೇನೆ ಎಂದು ನಿರ್ಮಾಪಕರಿಗೆ ಹೇಳಿ ಬಂದೆ ಎಂದದ್ದೂ ಸುಳ್ಳು. ಅಮ್ಮ ಬರುವುದಿಲ್ಲ, ಈ ಪಾತ್ರ ನನಗೆ ಬೇಡ ಎಂದು ಆವತ್ತೇ, ಜ್ಯೂಸ್ ಅರ್ಧಕ್ಕೆ ಬಿಟ್ಟು ಹೇಳಿ ಬಂದಿದ್ದೆ. ನಿನಗೆ ಫೋನ್ ಮಾಡುವಾಗ ಅವರಿಗೆ ಅದು ಗೊತ್ತಿತ್ತು. ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ನಿನ್ನೆ ಹೋಗಿ ಕೇಳಿದೆ. "ಅಮ್ಮ ಬಂದ್ರೆ ಮಗಳು ಬರಲ್ವಾ ಅನ್ಕೊಂಡೆ, ತಪ್ಪೇನಮ್ಮ?" ಎಂದರು. ಅಂದರೆ ಇಲ್ಲದ ಪಾತ್ರಕ್ಕಾಗಿ ನೀನು ಅಲ್ಲಿ ಹೋಗಿ ಕೂತೆ. ಇದನ್ನು ನಿನಗೆ ಹೇಳುವುದೇ ಬೇಡ ಎಂದುಕೊಂಡಿದ್ದೆ. ಆದರೆ ಮುಚ್ಚಿಟ್ಟರೆ ನೀನು ಬೇರೆ ಲೆಕ್ಕ ಹಾಕುತ್ತೀಯ, ಟಿವಿಯಲ್ಲಿ ನಿನ್ನನ್ನು ನೋಡಿ ನಾಚಿಕೆಯಾಗಿ ಮಗಳು ಬೇಡ ಅಂದಳು ಎಂದು. ಅದಕ್ಕಿಂತ ಇದೇ ವಾಸಿ.

ನನಗೆ ನಾಚಿಕೆಯಾಗಲಿಲ್ಲ. ನೀನು ಬಾಗಿಲು ಹಾಕಿಕೊಂಡಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ, ಅವರು ನನ್ನ ಅಮ್ಮ ಎಂದೆ. ಯಾರೋ ಟಿವಿ ಸದ್ದು ಕಡಿಮೆ ಮಾಡಿದರು. ಟಾರ್ಚ್ ನನ್ನ ಮುಖವನ್ನೂ ಟಿವಿಯನ್ನೂ ನೋಡಿ ನೋಡಿ, ಅಂಥ ಅಮ್ಮನಿಗೆ ಹುಟ್ಟಿ ನೀನ್ಯಾಕೆ ಹೀಗೆ ಮೂಲೆ ಸೇರ್ತೀಯ ಎಂದು ಕೇಳಿದಳು. ಅದು ಅಮ್ಮನ ಕಡೆಯಿಂದಲೇ ಬಂದದ್ದು ಎಂದೆ. ಒಬ್ಬರೂ ನಂಬಲಿಲ್ಲ.