ಗ್ರೀಷ್ಮಾ ಎದ್ದು ನಡೆದ ಫಿಲ್ಮ್

ಫೆಬ್ರವರಿ 3, ಬೆಳಿಗ್ಗೆ. ಆಲುವ, ಕೊಚ್ಚಿಯ ಹತ್ತಿರ

ಮತ್ತೆ ಅದೇ ಫುಟೇಜ್. ‘2050ರ ಕೇರಳ’ — ತಿರುವನಂತಪುರದ ಎಕ್ಸ್‌ಪೋಗೆ ನಮ್ಮ ಆಫೀಸು ಮಾಡಿಕೊಡುತ್ತಿರುವ ಫಿಲ್ಮ್. ಎಡಿಟಿಂಗ್ ನನ್ನ ತಲೆಗೆ. ಮುಂದಿನ ಕಾಲ ಹೇಗಿರಬೇಕು ಎಂದು ಅಲ್ಲಿನ ಕಾಲೇಜು ಮಕ್ಕಳನ್ನು ಕೇಳಿದ್ದೆವು. ಎಲ್ಲರದೂ ಒಂದೇ ರಾಗ. ಹಾರುವ ಕಾರು, ಗಾಜಿನ ಗೋಪುರ, ಚಹಾ ತರುವ ರೋಬೋ. ಅಷ್ಟು ಗಾಜು ಒರೆಸುವವರು ಯಾರೋ!

ಒಬ್ಬಳು ಮಾತ್ರ ಬೇರೆ. ಗ್ರೀಷ್ಮಾ. ಕಾಸರಗೋಡಿನವಳು, ತಿರುವನಂತಪುರದಲ್ಲಿ ಎಂ.ಎ. ಓದುತ್ತಾಳೆ. ಹುಟ್ಟಿನಿಂದ ಕಾಲಿಗೆ ಬಲವಿಲ್ಲ, ವೀಲ್‌ಚೇರ್. ನಾನು ಕನ್ನಡದವಳೆಂದು ಗೊತ್ತಾಗಿ ಕನ್ನಡದಲ್ಲೇ ಹೇಳಿದಳು: “ನನಗೆ ಹಾರುವುದು ಎಂತಕ್ಕೆ ಅಕ್ಕ? ಚಾಲೈ ಪೇಟೆಗೆ ಹೋಗುವ ಬಸ್ಸಿಗೆ ಕುರ್ಚಿ ಸಮೇತ ಹತ್ತಲಿಕ್ಕೆ ಆದರೆ ಸಾಕು. ಬಳೆ ನಾನೇ ಆರಿಸಿ ತರ್ತೇನೆ.”

ಇಡೀ ಫಿಲ್ಮಿನಲ್ಲಿ ಮನುಷ್ಯರು ಆಡುವಂಥ ಮಾತು ಇದೊಂದೇ.

ಫೆಬ್ರವರಿ 5

ಆ ಮಾತನ್ನೇ ತೆಗೆಸಿದ ಚಿರಾಗ್. ನನ್ನ ಬಾಸ್, ಬೆಂಗಳೂರಿನವನು. “ಬಸ್ಸಿಗೆ ರ‍್ಯಾಂಪ್ ಹಾಕೋದು ರಿಪೇರಿ ಮಧುರಾ, ಫ್ಯೂಚರ್ ಅಲ್ಲ. ಮುಖ ಚೆನ್ನಾಗಿದೆ, ಮುಖ ಇಟ್ಕೋ.”

ಮಾತು ಬೇಡ, ಮುಖ ಬೇಕು. ಥೂ.

ಫೆಬ್ರವರಿ 16

ಫೈನಲ್ ಕಟ್ ಬಂತು. ಕೊನೆಯ ದೃಶ್ಯವನ್ನು ಚಿರಾಗ್ ಹೊರಗಿನವರಿಗೆ ಕೊಟ್ಟು ಎಐನಲ್ಲಿ ಮಾಡಿಸಿದ್ದಾನೆ. ನನಗೆ ಹೇಳಲೇ ಇಲ್ಲ. ಗ್ರೀಷ್ಮಾ ಕುರ್ಚಿಯಿಂದ ಏಳುತ್ತಾಳೆ. ನಡೆಯುತ್ತಾಳೆ. ಬೀಚಿನಲ್ಲಿ ಓಡುತ್ತಾಳೆ...

“ಅವಳನ್ನ ಒಂದ್ಮಾತು ಕೇಳಿದ್ರಾ?”

“ಫಾರ್ಮ್‌ಗೆ ಸೈನ್ ಮಾಡಿದಾಳಲ್ಲ. ಖುಷಿ ಪಡ್ತಾಳೆ ಬಿಡು. ನಡೆಯೋಕೆ ಯಾರಿಗೆ ಇಷ್ಟ ಇರಲ್ಲ?”

ಗ್ರೀಷ್ಮಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಎಕ್ಸ್‌ಪೋಗೆ ಬರಬೇಡ ಎಂದೆ.

“ಬರ್ತೇನೆ ಅಕ್ಕ. ನನ್ನನ್ನು ಎಂತ ಮಾಡಿದ್ದಾರೆ ಅಂತ ನೋಡ್ಬೇಕಲ್ಲ.”

ಫೆಬ್ರವರಿ 21, ಸಂಜೆ. ತಿರುವನಂತಪುರ

ಭವಿಷ್ಯ ತೋರಿಸುವ ಹಾಲಿಗೆ ಬರೀ ಮೆಟ್ಟಿಲು! ಇಬ್ಬರು ವಾಲಂಟಿಯರ್‌ಗಳು ಗ್ರೀಷ್ಮಾಳನ್ನು ಕುರ್ಚಿ ಸಮೇತ ಹೊತ್ತು ತಂದರು. ಚಿರಾಗ್ ಅದರ ಫೋಟೋ ತೆಗೆಸಿದ.

ಫಿಲ್ಮ್ ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ. ಆ್ಯಂಕರ್ ಅವಳ ಕೈಗೆ ಮೈಕ್ ಕೊಟ್ಟ. ಮಲಯಾಳದಲ್ಲಿ ಕೇಳಿದಳು — ಆ ಹುಡುಗಿ ಯಾರು?

ನೀನೇ, 2050ರಲ್ಲಿ, ಎಂದ ಅವನು ನಗುತ್ತಾ.

ಹಾಗಾದರೆ ನಿಮ್ಮ 2050ರಲ್ಲಿ ನನ್ನಂಥವರಿಗೆ ಜಾಗವಿಲ್ಲ ಎಂದಾಯಿತು. ನನ್ನ ಮುಖ ನನಗೆ ವಾಪಸ್ ಕೊಡಿ, ಎಂದಳು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದಕ್ಕೂ!

ಫೆಬ್ರವರಿ 22. ರೈಲಿನಲ್ಲಿ

ಚಿರಾಗ್ ಮೆಸೇಜ್: “ಕ್ಲೈಂಟ್ ಫುಲ್ ಎಮೋಷನಲ್! ಅವಳ ಸ್ಪೀಚ್ ರೀಲ್ ಮಾಡು. ‘ಮುಖ ವಾಪಸ್’ ಅನ್ನೋದು ಮಾತ್ರ ತೆಗಿ.”

ಮಾಡಲ್ಲ ಎಂದು ಬರೆದೆ. ಕೆಲಸ ಬಿಡುತ್ತೇನೆ ಎಂದೂ. ಅದಕ್ಕೆ ಅವನು ಒಂದು ಹೆಬ್ಬೆರಳಿನ ಇಮೋಜಿ ಒತ್ತಿದ, ಅಷ್ಟೇ.

ಅರ್ಧ ಗಂಟೆಯೂ ಆಗಿಲ್ಲ, ರೀಲ್ ಬಂದೇ ಬಿಟ್ಟಿದೆ. ಬೇರೆ ಯಾರೋ ಕತ್ತರಿಸಿದ್ದಾರೆ. ಕೆಳಗೆ ಸಾಲುಸಾಲು ಕಮೆಂಟು — ಪಾಪ, ಎಂಥ ಸ್ಫೂರ್ತಿ, ಮುಗಿದ ಕೈಗಳು. ಹೇಸಿಗೆ.

ಗ್ರೀಷ್ಮಾ ಫೋನ್ ಮಾಡುತ್ತಿದ್ದಾಳೆ. ನೋಡಿರಬೇಕು. ಎತ್ತಬೇಕು. ಎತ್ತಿ ಏನೆಂದು ಹೇಳಲಿ?